ಸಂಪಾದಕರ ಉತ್ತರ: 95ನೇ ಹೆಣ ಯಾರದು?

ಕೋಲಾರದ ಕಠಾರಿಪಾಳ್ಯದ ಟೀಚರ್ ಅವರಿಗೆ ನಮಸ್ಕಾರ.

ಶಾಲೆಯಿಂದ ಬಂದು ನೀವು ಪತ್ತೇದಾರಿ ಕಾದಂಬರಿ ಹಿಡಿದರೆ ಅಮ್ಮ ‘ಪ್ರಾರ್ಥನೆ ಮಾಡೋ ಮನೇಲಿ ಕೊಲೆ ಕಥೆ ಯಾಕೆ’ ಅಂತ ಗೊಣಗುತ್ತಾರೆ ಎಂದು ಬರೆದಿದ್ದೀರಿ. ಕ್ರಿಸ್‌ಮಸ್ ರಜೆಗೆ ಇಬ್ಬರಿಗೂ ಹಿಡಿಸುವ ಪುಸ್ತಕ ಹೇಳಿ, ಹಳೇ ಕಾಲದ ಕಥೆಯಾದರೆ ಇನ್ನೂ ಒಳ್ಳೆಯದು ಎಂದು ಕೇಳಿದ್ದೀರಿ.

ಅಮ್ಮನ ಜೊತೆ ವಾದ ಬೇಡ. ಒಂದು ಕಥೆ ಹೇಳಿ ನೋಡಿ.

1138ರ ಇಂಗ್ಲೆಂಡ್. ಸಿಂಹಾಸನಕ್ಕಾಗಿ ದಾಯಾದಿ ಜಗಳ. ಸ್ಟೀಫನ್ ರಾಜ ಶ್ರೂಸ್‌ಬರಿ ಕೋಟೆ ಹಿಡಿದು, ಸೆರೆಸಿಕ್ಕ 94 ಜನರನ್ನು ನೇಣಿಗೆ ಹಾಕಿಸುತ್ತಾನೆ. ಹೆಣಗಳಿಗೆ ಒಂದು ಗತಿ ಕಾಣಿಸಲು ಅಲ್ಲಿನ ಕ್ರೈಸ್ತ ಮಠದಿಂದ ಬ್ರದರ್ ಕ್ಯಾಡ್‌ಫೆಲ್ ಬರುತ್ತಾನೆ. ಎಣಿಸಿದರೆ 95! ಯಾರೋ ಕೊಲೆ ಮಾಡಿ, ಇಷ್ಟರಲ್ಲಿ ಇನ್ನೊಂದು ಯಾರಿಗೆ ಗೊತ್ತಾಗುತ್ತೆ ಅಂತ ರಾಶಿಗೆ ಸೇರಿಸಿಬಿಟ್ಟಿದ್ದಾರೆ. 94 ಸಾವು ರಾಜನ ಅಪ್ಪಣೆ, ಕೇಳೋರಿಲ್ಲ. ಆ ಒಬ್ಬನನ್ನು ಮಾತ್ರ ಲೆಕ್ಕ ಇಲ್ಲದೆ ಮಣ್ಣು ಮಾಡಲು ಈ ಸನ್ಯಾಸಿ ಒಪ್ಪುವುದಿಲ್ಲ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿರುವ ಅಮ್ಮನಿಗೆ, 99 ಕುರಿ ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿ ಹೊರಟವನು ಇಲ್ಲಿ ಕಾಣಿಸದೇ ಇರುತ್ತಾನಾ?

ಇದು ಎಲ್ಲಿಸ್ ಪೀಟರ್ಸ್ ಬರೆದ ‘ಒನ್ ಕಾರ್ಪ್ಸ್ ಟೂ ಮೆನಿ’ (1979). ಕ್ಯಾಡ್‌ಫೆಲ್‌ನ 20 ಕಾದಂಬರಿಗಳಲ್ಲಿ ಎರಡನೆಯದು. ನನ್ನ ಕೇಳಿದರೆ ಇದರಿಂದಲೇ ಶುರು ಮಾಡಿ. ಕ್ರುಸೇಡ್ ಯುದ್ಧ ಕಂಡು, ನಡುವಯಸ್ಸಿನಲ್ಲಿ ಮಠ ಸೇರಿದವನು ಅವನು. ಗಿಡಮೂಲಿಕೆ ತೋಟದ ಉಸ್ತುವಾರಿ ಅವನದೇ. ಮೂರನೆಯ ಕಾದಂಬರಿ ‘ಮಂಕ್ಸ್ ಹುಡ್’ನಲ್ಲಿ, ಕೀಲುನೋವಿಗೆ ತಿಕ್ಕಲೆಂದು ಅವನೇ ಮಾಡಿಟ್ಟ ಎಣ್ಣೆ ಒಬ್ಬರ ಊಟಕ್ಕೆ ವಿಷವಾಗಿ ಸೇರುತ್ತದೆ. ಅಲ್ಲಿಗೆ ಪತ್ತೆ ಹಚ್ಚುವುದು ಅವನ ಮೈಮೇಲೇ ಬರುತ್ತದೆ.

ಉಂಬೆರ್ತೊ ಎಕೊ ಅವರ ‘ದ ನೇಮ್ ಆಫ್ ದ ರೋಸ್’ ಕೂಡ ಮಠದೊಳಗಿನ ಕೊಲೆಗಳ ಕಥೆಯೇ, 1327ರದು. ದೊಡ್ಡ ಕೃತಿ, ಆದರೆ ವಾದ-ವಿವಾದ ಜಾಸ್ತಿ. ರಜೆಗೆ ಬೇಡ.

ಅಮ್ಮ ಕನ್ನಡ ಮಾತ್ರ ಓದುತ್ತಾರಲ್ವಾ? ಜಾನ್ ಬನ್ಯನ್ ಅವರ 1678ರ ಪುಸ್ತಕ ‘ಯಾತ್ರಿಕನ ಸಂಚಾರ’ ಎಂದು ಬಹಳ ಹಿಂದೆಯೇ ಕನ್ನಡಕ್ಕೆ ಬಂದಿದೆ. ಅಪ್ಪಣೆ ಇಲ್ಲದೆ ಉಪದೇಶ ಮಾಡಿದ್ದಕ್ಕೆ ಜೈಲು ಸೇರಿದ ಮನುಷ್ಯ ಆತ. ಇದನ್ನು ಅಮ್ಮ ಓದಿಯೇ ಇರಬಹುದು. ಹಾಗಿದ್ದರೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ತಂದುಕೊಡಿ. ಯೇಸುವಿನ ಕೊನೆಯ ದಿನದ ಕಾವ್ಯ. ಭಾಷೆ ಗಟ್ಟಿ, ನೀವೇ ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ.

ಇನ್ನೊಂದು, ನಿಮಗೇ. ‘ದ ಪ್ರಾಕ್ಟೀಸ್ ಆಫ್ ದ ಪ್ರೆಸೆನ್ಸ್ ಆಫ್ ಗಾಡ್’. ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿಯ ಪುಸ್ತಕ. ಕ್ಯಾಡ್‌ಫೆಲ್‌ನ ಹಾಗೆ ಇವರೂ ಒಂದು ಕಾಲಕ್ಕೆ ಸೈನಿಕ. ಆಮೇಲೆ ಪ್ಯಾರಿಸ್‌ನ ಮಠದಲ್ಲಿ ಅಡುಗೆಭಟ್ಟ, ವಯಸ್ಸಾದ ಮೇಲೆ ಚಪ್ಪಲಿ ರಿಪೇರಿ. 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳನ್ನು ಬೇರೆಯವರು ಸೇರಿಸಿ ಪುಸ್ತಕ ಮಾಡಿದರು. ಪಾತ್ರೆ-ಪಗಡಗಳ ಗದ್ದಲದಲ್ಲೂ ದೇವರ ಜೊತೆ ಸುಮ್ನೆ ಮಾತಾಡುತ್ತಿರುವುದು, ಅಷ್ಟೇ ಅವರ ಸಾಧನೆ. ತೆಳ್ಳಗಿನ ಪುಸ್ತಕ, ಒಂದೇ ಕೂತಲ್ಲಿ ಮುಗಿಸಬೇಡಿ. ದಿನಕ್ಕೊಂದು ಪತ್ರ ಸಾಕು.

ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಿಗೆ ಹೋಗಿ. ಕ್ಯಾಡ್‌ಫೆಲ್‌ನ ಸೆಕೆಂಡ್ ಹ್ಯಾಂಡ್ ಪ್ರತಿ ಕೇಳಿ, ಹೊಸದಕ್ಕೆ ದುಡ್ಡು ಸುರಿಯಬೇಕಿಲ್ಲ.

— ಸಂಪಾದಕ