ಕಾರ್ಬನ್ ಇಲ್ಲದೆ ಜೀವ ಇರೋಕೆ ಸಾಧ್ಯವಾ?

ತತ್ವದ ಮಟ್ಟದಲ್ಲಿ ಇರಬಹುದು, ಆದರೆ ಇದುವರೆಗೆ ಒಂದೂ ಸಿಕ್ಕಿಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ಸಿಲಿಕಾನ್ ಹೆಸರು ಹೇಳುತ್ತಾರೆ. ಕಾರಣ ಇದೆ. ಆವರ್ತಕ ಕೋಷ್ಟಕದಲ್ಲಿ ಅದು ಕಾರ್ಬನ್‌ನ ಕೆಳಗಿನ ಮನೆಯಲ್ಲೇ ಇದೆ, ಅದಕ್ಕೂ ನಾಲ್ಕು ಕೈ, ಅಂದರೆ ಕಾರ್ಬನ್‌ನಂತೆ ಅದೂ ಒಟ್ಟಿಗೆ ನಾಲ್ಕು ಪರಮಾಣುಗಳನ್ನು ಹಿಡಿದುಕೊಳ್ಳಬಲ್ಲದು.

ತೊಂದರೆ ಎಲ್ಲಿ ಅಂದರೆ, ನಾವು ಉಸಿರು ಬಿಟ್ಟಾಗ ಹೊರಗೆ ಹೋಗುವುದು ಕಾರ್ಬನ್ ಡೈಆಕ್ಸೈಡ್, ಅದು ಅನಿಲ, ನೀರಲ್ಲೂ ಕರಗುತ್ತದೆ. ಅದೇ ಸಿಲಿಕಾನ್ ಆಮ್ಲಜನಕದ ಜೊತೆ ಸೇರಿದರೆ ಆಗುವುದು ಮರಳು. ಪ್ರತಿ ಉಸಿರಿಗೂ ಒಂದು ಹಿಡಿ ಮರಳು ಉಗುಳುವ ಪ್ರಾಣಿಯನ್ನು ಸುಮ್ನೆ ಊಹಿಸಿಕೊಳ್ಳಿ! ಜೊತೆಗೆ ಸಿಲಿಕಾನ್-ಸಿಲಿಕಾನ್ ಸರಪಳಿ ಅಷ್ಟು ಗಟ್ಟಿಯಲ್ಲ. ಕಾರ್ಬನ್ ಹೈಡ್ರೋಜನ್ ಜೊತೆ ಸೇರಿ ಆಗುವ ಮೀಥೇನ್ ಅನಿಲದ ಜಾಗದಲ್ಲಿ ನಿಲ್ಲಬೇಕಾದ, ಸಿಲಿಕಾನ್‌ನ ಸಿಲೇನ್ ಅನಿಲ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ.

ನನಗೆ ಇನ್ನೂ ದೊಡ್ಡ ಸಾಕ್ಷಿ ಅನಿಸುವುದು ನಮ್ಮ ಕಾಲ ಕೆಳಗೇ ಇದೆ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 28% ಸಿಲಿಕಾನ್, ಕಾರ್ಬನ್ 0.1% ಕೂಡ ಇಲ್ಲ. ಆದರೂ ಜೀವ ಆರಿಸಿಕೊಂಡದ್ದು ಕಾರ್ಬನ್ನನ್ನೇ, ಅಲ್ವಾ? ಸಿಲಿಕಾನ್‌ಗೆ ಸಿಕ್ಕಿದ್ದು ಬರೀ ಬೇಲಿ ಕಟ್ಟೋ ಕೆಲಸ. ಭತ್ತದ ಗದ್ದೆಗೆ ಇಳಿದವರ ಕೈಗೆ ಎಲೆಯಂಚು ಸರ್ ಅಂತ ಗೀರುವುದು ಅದರಲ್ಲಿರುವ ಸಿಲಿಕಾದಿಂದ, ಅಂದರೆ ಸಿಲಿಕಾನ್ ಆಮ್ಲಜನಕದ ಜೊತೆ ಸೇರಿ ಆದ ವಸ್ತುವಿನಿಂದ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿ ಫ್ರಾನ್ಸಿಸ್ ಆರ್ನಾಲ್ಡ್ ಅವರ ತಂಡ ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯಾದ ಪ್ರೋಟೀನನ್ನು ಪಳಗಿಸಿ, ಕಾರ್ಬನ್‌ಗೂ ಸಿಲಿಕಾನ್‌ಗೂ ಗಂಟು ಹಾಕಿಸಿತು. ಆದರೆ ಅಲ್ಲಿಯೂ ಗಂಟು ಹಾಕಿದ ಪ್ರೋಟೀನ್ ಕಾರ್ಬನ್‌ನದ್ದೇ.