ಚರ್ಚಿಗೆ ಬರುವವರೆಲ್ಲ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳಬೇಕಾ?

ಅಮೆರಿಕದ ಚರ್ಚುಗಳಲ್ಲಿ ಗುಂಡಿನ ದಾಳಿ ಆಗುತ್ತಲೇ ಇದೆ, ಆರಾಧನೆಗೆ ಬರುವವರೇ ಬಟ್ಟೆಯ ಮರೆಯಲ್ಲಿ ಪಿಸ್ತೂಲು ತಂದರೆ ತಪ್ಪೇನು ಎಂದು ಕೇಳಿದ್ದೀರಿ. ನಾನು ಮೈಸೂರಿನ ಕಡೆಯವನು. ಈಗ ಟೆಕ್ಸಾಸ್‌ನಲ್ಲಿದ್ದೇನೆ, ಭಾನುವಾರ ನಮ್ಮ ಚರ್ಚಿನ ಬಾಗಿಲಲ್ಲಿ ನಿಲ್ಲುತ್ತೇನೆ. ಎಲ್ಲರೂ ತರುವುದು ಬೇಡ. ಬೇಕೇ ಬೇಕು ಅಂದರೆ ಚೆನ್ನಾಗಿ ತರಬೇತಿ ಆದ ಇಬ್ಬರು ಮೂವರ ಹತ್ತಿರ ಇರಲಿ. ಅವರು ಯಾರು ಅಂತ ಸಭೆಯ ಹಿರಿಯರಿಗೆ ಗೊತ್ತಿರಲಿ.

ಇಲ್ಲಿ 2019ರ ಸೆಪ್ಟೆಂಬರ್ 1ರಂದು ಕಾನೂನು ಸ್ಪಷ್ಟವಾಯಿತು: ಚರ್ಚಿನವರು ಬೇಡ ಅಂತ ಹೇಳದಿದ್ದರೆ ಲೈಸೆನ್ಸ್ ಇದ್ದವರು ಒಳಗೆ ತರಬಹುದು ಎಂದು. ಅದೇ ಡಿಸೆಂಬರ್ 29ರಂದು ಟೆಕ್ಸಾಸ್‌ನ ವೈಟ್ ಸೆಟಲ್‌ಮೆಂಟ್ ಎಂಬ ಊರಿನ ಚರ್ಚಿನಲ್ಲಿ ದಾಳಿ ಆಯಿತು. ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಹೊತ್ತು. ಅಂಟಿಸಿದ ಗಡ್ಡ, ಉದ್ದನೆ ಕೋಟು ಹಾಕಿದ್ದ ಒಬ್ಬ ಎದ್ದು ನಿಂತು ಬಂದೂಕು ತೆಗೆದ. ಇಬ್ಬರು ಸತ್ತರು. ಅವರಲ್ಲಿ ಒಬ್ಬರು ತಮ್ಮ ಪಿಸ್ತೂಲಿಗೆ ಕೈ ಹಾಕಿದ್ದ, ಚರ್ಚಿನದೇ ಭದ್ರತಾ ತಂಡದವರು. ತಂಡದ ಮುಖ್ಯಸ್ಥರು ಒಂದೇ ಗುಂಡಿಗೆ ಅವನನ್ನು ಬೀಳಿಸಿದರು. ಎಲ್ಲ ಮುಗಿದದ್ದು ಆರೇ ಸೆಕೆಂಡಿನಲ್ಲಿ.

ಪಿಸ್ತೂಲು ಬೇಕು ಅನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಆ ಮುಖ್ಯಸ್ಥರು ಗುಂಡು ಹಾರಿಸುವುದನ್ನು ಬೇರೆಯವರಿಗೆ ಕಲಿಸುತ್ತಿದ್ದವರು. ಅವರ ತಂಡ ಆ ಅಪರಿಚಿತನ ಮೇಲೆ ಮೊದಲೇ ಕಣ್ಣಿಟ್ಟಿತ್ತು. ಆರಾಧನೆಯ ನೇರಪ್ರಸಾರದಲ್ಲಿ ಇದೆಲ್ಲ ಸೆರೆಯಾಗಿದೆ. ಅವನು ಬಿದ್ದ ಮೇಲಿನ ಕ್ಷಣಗಳನ್ನು ನಾನು ಮರೆಯಲಾರೆ. ಇನ್ನೂ ಹಲವರು ಪಿಸ್ತೂಲು ಹಿಡಿದು ಬೆಂಚುಗಳ ನಡುವೆ ಮುಂದೆ ಬರುತ್ತಾರೆ. ಜನ ಕೆಳಗೆ ಮುದುಡಿ ಕೂತಿದ್ದಾರೆ. ಆಗಲೇ ಪೊಲೀಸರು ಬಾಗಿಲು ತೆಗೆದು ಬಂದಿದ್ದರೆ ಯಾರು ನಮ್ಮವರು, ಯಾರು ಕೊಲೆಗಾರ ಅಂತ ಹೇಗೆ ಗೊತ್ತಾಗಬೇಕು, ಹೇಳಿ?

2017ರ ನವೆಂಬರ್ 5ರಂದು ಟೆಕ್ಸಾಸ್‌ನದೇ ಸದರ್ಲೆಂಡ್ ಸ್ಪ್ರಿಂಗ್ಸ್ ಊರಿನ ಚರ್ಚಿನಲ್ಲಿ ಗುಂಡಿನ ದಾಳಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹನ್ನೊಂದೇ ದಿನಕ್ಕೆ ಟೆನೆಸ್ಸಿಯ ಟೆಲಿಕೋ ಪ್ಲೇನ್ಸ್ ಊರಿನ ಚರ್ಚಿನಲ್ಲಿ ವಯಸ್ಸಾದ ಕೆಲವರು ಚರ್ಚಿಗೆ ಪಿಸ್ತೂಲು ತರುವ ಇದೇ ವಿಷಯ ಮಾತಾಡುತ್ತಿದ್ದರು. ಒಬ್ಬ ಅಜ್ಜ ತಮ್ಮ ಪಿಸ್ತೂಲು ತೋರಿಸಿದರು. ಕೈತಪ್ಪಿ ಗುಂಡು ಹಾರಿತು. ಅವರಿಗೂ ಅವರ ಹೆಂಡತಿಗೂ ತಗುಲಿತು. ಪುಣ್ಯ, ಇಬ್ಬರೂ ಉಳಿದರು.

ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಒಬ್ಬರಿಗೊಬ್ಬರು ತಬ್ಬಿಕೊಳ್ಳುತ್ತೇವೆ. ಒಂದು ಸಲ ಸ್ನೇಹಿತರನ್ನು ತಬ್ಬಿದಾಗ ಅವರ ಸೊಂಟದ ಬಳಿ ನನ್ನ ಕೈಗೆ ಗಟ್ಟಿಯಾದದ್ದು ತಾಗಿತು. ಅವರು ಒಳ್ಳೆಯವರೇ. ಆದರೂ ಮುಂದಿನ ವಾರ ಅವರ ಮೊಮ್ಮಗಳು ತೊಡೆ ಮೇಲೆ ಹತ್ತಿದಾಗ ನನ್ನ ಕಣ್ಣು ಆ ಮಗುವಿನ ಕೈ ಮೇಲೇ ಇತ್ತು. ಪ್ರಾರ್ಥನೆ ಕಿವಿಗೆ ಬೀಳಲೇ ಇಲ್ಲ. ಆಮೇಲೆ ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರಿಗೆ ಬೇಜಾರಾಯಿತು, ಆದರೆ ಒಪ್ಪಿದರು.

ಚರ್ಚಿನಲ್ಲಿ ಕೆಲವರು ನನಗೂ ಪಿಸ್ತೂಲು ಇಟ್ಟುಕೋ ಅಂದರು. ಬೇಡ ಅಂದೆ, ಬಾಗಿಲ ಕೆಲಸ ಕೇಳಿ ತೆಗೆದುಕೊಂಡೆ. ನಿಮ್ಮ ಸಭೆಯಲ್ಲಿ ಈ ಮಾತು ಬಂದರೆ ಮೊದಲು ಇದನ್ನೆಲ್ಲ ಕೇಳಿ: ಆರಾಧನೆ ಶುರುವಾದ ಮೇಲೆ ಪಕ್ಕದ ಬಾಗಿಲನ್ನು ಹೊರಗಿಂದ ತೆಗೆಯಲು ಆಗುತ್ತಾ? ಹೊಸಬರು ಬಂದರೆ ಕೈ ಕುಲುಕಿ ಮಾತಾಡಿಸುವವರು ಯಾರು? ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ ಎಲ್ಲಿದೆ, ಅದನ್ನು ಕಟ್ಟಲು ಎಷ್ಟು ಜನಕ್ಕೆ ಬರುತ್ತೆ?