ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಕರೆದೊಯ್ಯುವ ಬಗ್ಗೆ

ಫೆಬ್ರವರಿಯಲ್ಲಿ ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನಿಂದ ಕೊಕ್ಕರೆ ಬೆಳ್ಳೂರಿಗೆ ಹೋದರೆ ನೋಡಲು ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ, ಒಳ್ಳೆಯ ಕಾಲವನ್ನೇ ಆರಿಸಿಕೊಂಡಿದ್ದೀರಿ. ಆದರೆ ಗೇಟು, ವೀಕ್ಷಣಾ ಗೋಪುರ, ದೋಣಿ ವಿಹಾರ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇದು ಮದ್ದೂರು ತಾಲ್ಲೂಕಿನ ಒಂದು ಊರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರೂ ಸೇರಿ ಹಕ್ಕಿಗಳನ್ನು ಕಾಯುವ ಜಾಗ, ಎಂದು ಘೋಷಣೆಯಾಗಿದೆ, ಅಷ್ಟೆ. ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ.

ಹೆಜ್ಜಾರ್ಲೆ ಮರಿಗಳಿಗೆ ಉಣಿಸುವುದನ್ನು ಮಕ್ಕಳು ತಪ್ಪದೆ ನೋಡಬೇಕು. ತಾಯಿಯೋ ತಂದೆಯೋ ಬಂದು ಕೊಕ್ಕು ತೆರೆದದ್ದೇ ತಡ, ಮರಿ ಅದರ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸುತ್ತದೆ. ಹೊರಗೆ ಕಾಣುವುದು ಒದ್ದಾಡುವ ಮೈ ಮಾತ್ರ! ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನವರು ಮತ್ತು ಮೈಸೂರಿನ ಪಕ್ಷಿಪ್ರಿಯರು ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದ್ದಾರೆ. ಊರಿನ ಹಿರಿಯರು ಸಿಕ್ಕರೆ ಹಿಕ್ಕೆಯ ಗೊಬ್ಬರದ ಬಗ್ಗೆ ಕೇಳಿ. ಹಕ್ಕಿಗೂ ರೈತನಿಗೂ ಇರುವ ನಂಟು ಯಾವ ಫಲಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಬಿಸಿಲೇರುವ ಮೊದಲೇ ತಲುಪಿ. ಮೀನಿನ ವಾಸನೆ ಇರುತ್ತದೆ, ಸಣ್ಣವರು ಮೂಗು ಮುಚ್ಚಿಕೊಂಡರೆ ಗದರಬೇಡಿ. ಟೋಪಿ ಬೇಕೇ ಬೇಕು, ಬಿಸಿಲಿಗಷ್ಟೇ ಅಲ್ಲ, ಮರದಡಿ ನಿಂತವರಿಗೆ ಮೇಲಿನಿಂದ ಬೀಳುವ ಪ್ರಸಾದಕ್ಕೂ! ಜನರ ಅಂಗಳದೊಳಗೆ ಹೋಗುವಾಗ ಒಂದು ಮಾತು ಕೇಳಿ. ದೋಣಿಯ ಆಸೆ ಮಕ್ಕಳಿಗಿದ್ದರೆ ಅದೇ ದಿನ ಮಧ್ಯಾಹ್ನ ರಂಗನತಿಟ್ಟಿಗೆ ಹೋಗಬಹುದು, ಮೈಸೂರು ಕಡೆಯ ದಾರಿಯೇ.